ಒಂದು ಅಡಿಗೆ ಎರಡು ನೂಲು

ವಿಜ್ಞಾನ ಪ್ರದರ್ಶನದಲ್ಲಿ ನಾನು ಇಟ್ಟಿದ್ದ ಮರದ ಯುದ್ಧವಿಮಾನವನ್ನು ನೋಡಿದವರು ಹೆಚ್ಚಾಗಿ ಎರಡು ಪ್ರಶ್ನೆ ಕೇಳಿದರು. ಇದು ಹಾರುತ್ತದಾ? ಹಾರದಿದ್ದರೆ ಇದರಿಂದ ಏನು ಉಪಯೋಗ? ಮೊದಲನೆಯದಕ್ಕೆ ಉತ್ತರ ಸುಲಭ, ಹಾರುವುದಿಲ್ಲ. ಎರಡನೆಯದಕ್ಕೆ ಅಲ್ಲೇ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸಲು ಆಗುವಂತಿರಲಿಲ್ಲ. ಸಂಪಾದಕ ಮಂಡಳಿಯವರು ಬರೆದು ಕೊಡಲು ಹೇಳಿದ್ದರಿಂದ ಈ ಲೇಖನ.

ನಾನು ಮಾಡಿದ್ದು ಹಾಕರ್ ಹರಿಕೇನ್ ಎಂಬ ವಿಮಾನದ ಮಾದರಿ. ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಫೈಟರ್ ಇದು. ಒಂದೇ ಎಂಜಿನ್, ಒಬ್ಬನೇ ಪೈಲಟ್. ಮಾದರಿಯನ್ನು ಗಟ್ಟಿ ಮರದ ತುಂಡಿನಿಂದ ಕೆತ್ತಿ ತೆಗೆದದ್ದು, ಒಳಗೆ ಪೊಳ್ಳಿಲ್ಲ. ಇಂಥದ್ದನ್ನು ಆಟಿಕೆ ಎಂದರೆ ನನಗೆ ಬೇಸರವೇನಿಲ್ಲ. ಆದರೆ ಒಂದು ಕಾಲದಲ್ಲಿ ಇದೇ ಬಗೆಯ ಮರದ ಮಾದರಿಗಳು ಆಟಿಕೆಗಳಾಗಿರಲಿಲ್ಲ. ಅವನ್ನು ಮಾಡಿದವರು ನಮ್ಮ ವಯಸ್ಸಿನ ವಿದ್ಯಾರ್ಥಿಗಳು.

1942ರ ಜನವರಿಯಲ್ಲಿ ಅಮೆರಿಕದ ನೌಕಾಪಡೆ ತನ್ನ ದೇಶದ ಶಾಲೆಗಳ ಮುಂದೆ ಒಂದು ಕೋರಿಕೆ ಇಟ್ಟಿತು. 50 ಬಗೆಯ ವಿಮಾನಗಳು, ಒಂದೊಂದರದ್ದು 10,000 ಮಾದರಿ, ಒಟ್ಟು 5 ಲಕ್ಷ ಮರದ ವಿಮಾನಗಳು ಬೇಕು. ಎಲ್ಲವೂ 72ರಲ್ಲಿ ಒಂದು ಪಾಲಿನ ಅಳತೆ, ಎಲ್ಲಕ್ಕೂ ಕಪ್ಪು ಬಣ್ಣ. ನಕ್ಷೆಗಳನ್ನು ಶಾಲೆಗಳಿಗೆ ಕಳುಹಿಸಿಕೊಟ್ಟರು. ಮರಗೆಲಸದ ತರಗತಿಗಳಲ್ಲಿ ಹುಡುಗ ಹುಡುಗಿಯರು ಕೆತ್ತಿದರು. ಕೆತ್ತಿದ್ದನ್ನೆಲ್ಲ ಪರೀಕ್ಷಿಸಿ, ಅಳತೆ ಸರಿಯಿದ್ದರೆ ಮಾತ್ರ ಸ್ವೀಕರಿಸುತ್ತಿದ್ದರು. ಚೆನ್ನಾಗಿ ಮಾಡಿದವರಿಗೆ ಗೌರವ ದರ್ಜೆಯ ಪ್ರಮಾಣಪತ್ರವೂ ಸಿಗುತ್ತಿತ್ತು.

ಸೈನ್ಯಕ್ಕೆ ಇಷ್ಟು ಗೊಂಬೆ ವಿಮಾನ ಏಕೆ ಬೇಕಾಯಿತು? ಗುರುತು ಹಿಡಿಯುವುದನ್ನು ಕಲಿಸಲು. ಆಕಾಶದಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಹಡಗಿನ ಮೇಲೆ ತೋಪಿನ ಹಿಂದೆ ನಿಂತವನಿಗೆ ಅದು ನಮ್ಮದೋ ಅವರದೋ ಎಂದು ನಿರ್ಧರಿಸಲು ಇರುವುದು ಕೆಲವೇ ಸೆಕೆಂಡು. ಬಣ್ಣ ಕಾಣುವುದಿಲ್ಲ, ಗುರುತು ಕಾಣುವುದಿಲ್ಲ, ಕಾಣುವುದು ಆಕಾರ ಮಾತ್ರ. ಅದಕ್ಕೇ ಕಪ್ಪು ಬಣ್ಣ. 72ರ ಲೆಕ್ಕವೂ ಅದಕ್ಕೇ. ಆ ಮಾದರಿಯನ್ನು 35 ಅಡಿ ದೂರದಲ್ಲಿ ಹಿಡಿದರೆ, 35ನ್ನು 72ರಿಂದ ಗುಣಿಸಿ, 2,520 ಅಡಿ. ಅಂದರೆ ಸುಮಾರು ಅರ್ಧ ಮೈಲಿ ದೂರದಲ್ಲಿ ನಿಜವಾದ ವಿಮಾನ ಎಷ್ಟು ದೊಡ್ಡದಾಗಿ ಕಾಣುತ್ತದೋ ಅಷ್ಟೇ ದೊಡ್ಡದಾಗಿ ಇದು ಕಾಣುತ್ತದೆ. ಒಂದು ಕೋಣೆಯೊಳಗೆ ಅರ್ಧ ಮೈಲಿ ಆಕಾಶವನ್ನು ತಂದಂತೆ.

ಗುರುತು ತಪ್ಪಿದರೆ ಏನಾಗುತ್ತದೆ ಎನ್ನುವುದು ಯುದ್ಧದ ನಾಲ್ಕನೇ ದಿನವೇ ಗೊತ್ತಾಗಿತ್ತು. ಬ್ರಿಟನ್ ಯುದ್ಧ ಘೋಷಿಸಿದ್ದು 1939ರ ಸೆಪ್ಟೆಂಬರ್ 3ರಂದು. ಸೆಪ್ಟೆಂಬರ್ 6ರ ಬೆಳಿಗ್ಗೆ ಬ್ರಿಟನ್ನಿನದೇ ಸ್ಪಿಟ್‌ಫೈರ್ ವಿಮಾನಗಳು ಬ್ರಿಟನ್ನಿನದೇ ಎರಡು ಹರಿಕೇನ್‌ಗಳನ್ನು ಜರ್ಮನ್ ವಿಮಾನಗಳೆಂದು ತಿಳಿದು ಹೊಡೆದು ಉರುಳಿಸಿದವು. ಒಬ್ಬ ಪೈಲಟ್ ಬದುಕಿದ. ಇನ್ನೊಬ್ಬ, ಮಾಂಟೆಗ್ಯೂ ಹಲ್ಟನ್ ಹ್ಯಾರಪ್, ಸತ್ತ. ಆ ಯುದ್ಧದಲ್ಲಿ ಸತ್ತ ಮೊದಲ ಬ್ರಿಟಿಷ್ ಫೈಟರ್ ಪೈಲಟ್ ಅವನು. ಅವನನ್ನು ಕೊಂದದ್ದು ಶತ್ರುವಲ್ಲ. ಇತಿಹಾಸದಲ್ಲಿ ಇದಕ್ಕೆ ಬಾರ್ಕಿಂಗ್ ಕ್ರೀಕ್ ಕದನ ಎಂಬ ವ್ಯಂಗ್ಯದ ಹೆಸರು ಉಳಿದಿದೆ.

ಇದನ್ನು ಓದಿದ ಮೇಲೆ ನಾನು ಕಪ್ಪು ರಟ್ಟಿನಲ್ಲಿ ಹರಿಕೇನ್ ಮತ್ತು ಸ್ಪಿಟ್‌ಫೈರ್‌ನ ಆಕಾರಗಳನ್ನು ಕತ್ತರಿಸಿ ಕಾಲೇಜಿನ ಕಾರಿಡಾರಿನ ಒಂದು ತುದಿಯಲ್ಲಿ ಗೆಳೆಯರನ್ನು ನಿಲ್ಲಿಸಿ, ಇನ್ನೊಂದು ತುದಿಯಿಂದ ತೋರಿಸಿದೆ. ಮೇಲಿನಿಂದ ನೋಡಿದ ಆಕಾರವಾದರೆ ಎರಡು ಸಲ ನೋಡಿದವರಿಗೆ ತಿಳಿಯುತ್ತದೆ. ಸ್ಪಿಟ್‌ಫೈರ್‌ನ ರೆಕ್ಕೆ ವೀಳ್ಯದೆಲೆಯ ಹಾಗೆ ಬಾಗಿ ಬಂದು ತುದಿಯಲ್ಲಿ ಚೂಪಾಗುತ್ತದೆ. ಹರಿಕೇನ್‌ನದು ದಪ್ಪ ರೆಕ್ಕೆ, ಅಂಚು ನೇರ, ತುದಿ ಮಾತ್ರ ದುಂಡಗೆ. ಪಕ್ಕದಿಂದ ನೋಡಿದರೆ ಹರಿಕೇನ್‌ನ ಬೆನ್ನು ಗೂನು. ಆದರೆ ಎದುರಿನಿಂದ ನೋಡಿದ ಆಕಾರ ತೋರಿಸಿದಾಗ ಬಹುತೇಕ ಎಲ್ಲರೂ ತಡವರಿಸಿದರು. ಎದುರಿನಿಂದ ಬರುವ ವಿಮಾನವೇ ತಾನೇ ಅಪಾಯದ್ದು.

ಹರಿಕೇನನ್ನೇ ಆರಿಸಿಕೊಳ್ಳಲು ನನಗೆ ಇನ್ನೊಂದು ಕಾರಣವಿತ್ತು. ಅದು ನಮ್ಮವರು ಹಾರಿಸಿದ ವಿಮಾನ. 1944ರಲ್ಲಿ ಇಂಫಾಲದ ರಕ್ಷಣೆಯಲ್ಲಿ ಅರ್ಜನ್ ಸಿಂಗ್ ಅವರ ನಾಯಕತ್ವದ ನಂಬರ್ 1 ಸ್ಕ್ವಾಡ್ರನ್ ಹಾರಿಸಿದ್ದು ಹರಿಕೇನ್. ಅದೇ ಬರ್ಮಾ ರಂಗದಲ್ಲಿ ಹರಿಕೇನ್ ಹಾರಿಸಿದ ಇನ್ನೊಬ್ಬ ತರುಣ ಹೈದರಾಬಾದಿನ ಇದ್ರೀಸ್ ಹಸನ್ ಲತೀಫ್. 1923ರಲ್ಲಿ ಹುಟ್ಟಿದವರು, 1942ರಲ್ಲಿ ಅಧಿಕಾರಿಯಾದಾಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮೊದಲ ಕೆಲಸ ಕರಾಚಿಯಲ್ಲಿ. ಹಳೆಯ ಎರಡು ಹಂತದ ರೆಕ್ಕೆಯ ವಿಮಾನಗಳಲ್ಲಿ ಅರಬ್ಬೀ ಸಮುದ್ರದ ಮೇಲೆ ಶತ್ರು ಜಲಾಂತರ್ಗಾಮಿಗಳನ್ನು ಹುಡುಕುವುದು. ಕಾರವಾರದ ಬೀಚಿನಲ್ಲಿ ನಿಂತು ನಾವು ನೋಡುವುದು ಅದೇ ಸಮುದ್ರವನ್ನು.

ದೇಶ ವಿಭಜನೆಯಾದಾಗ ಸೈನ್ಯವೂ ಹಂಚಿಹೋಯಿತು. ಮುಸ್ಲಿಂ ಅಧಿಕಾರಿಗಳು ಯಾವ ಕಡೆ ಎಂದು ಆರಿಸಿಕೊಳ್ಳಬೇಕಾಯಿತು. ಲತೀಫರ ಜೊತೆಗಾರರಾಗಿದ್ದ ಅಸ್ಗರ್ ಖಾನ್ ಮತ್ತು ನೂರ್ ಖಾನ್ ಪಾಕಿಸ್ತಾನದ ವಾಯುಪಡೆಗೆ ಬರುವಂತೆ ಅವರನ್ನು ಕರೆದರು. ಲತೀಫರು ಹೋಗಲಿಲ್ಲ. ಧರ್ಮ ಬೇರೆ, ದೇಶ ಬೇರೆ ಎಂಬುದರಲ್ಲಿ ಅವರಿಗೆ ಗೊಂದಲವಿರಲಿಲ್ಲ. ಮುಂದೆ ಅಸ್ಗರ್ ಖಾನ್, ಅವರ ನಂತರ ನೂರ್ ಖಾನ್ ಪಾಕಿಸ್ತಾನದ ವಾಯುಪಡೆಯ ಮುಖ್ಯಸ್ಥರಾದರು. ಲತೀಫರು 1978ರ ಸೆಪ್ಟೆಂಬರ್ 1ರಿಂದ 1981ರ ಆಗಸ್ಟ್ 31ರವರೆಗೆ ಭಾರತದ ವಾಯುಪಡೆಯ ಮುಖ್ಯಸ್ಥರಾಗಿದ್ದರು. ಒಂದೇ ವಾಯುಪಡೆಯಲ್ಲಿ ಜೊತೆಯಾಗಿದ್ದವರು ಎರಡು ದೇಶಗಳ ವಾಯುಪಡೆಗಳನ್ನು ನಡೆಸಿದರು. ನಮ್ಮ ಇತಿಹಾಸ ಪುಸ್ತಕದಲ್ಲಿ ಇದು ಒಂದು ಸಾಲಾಗಿಯಾದರೂ ಇದ್ದಿದ್ದರೆ ಎಂದು ನನಗೆ ಅನಿಸಿದೆ.

ಇನ್ನು ಕೆಲಸದ ವಿಷಯ. ಅಂಕೋಲಾದಲ್ಲಿ ನನ್ನ ಮಾಮುವಿನ ಮರಗೆಲಸದ ಶೆಡ್ ಇದೆ. ಬಾಗಿಲು, ಕಿಟಕಿ, ಕಪಾಟು ಮಾಡುತ್ತಾರೆ. ನಾನು 48ರಲ್ಲಿ ಒಂದು ಪಾಲು ಎಂದು ವಿವರಿಸಲು ಹೊರಟಾಗ ಅವರು ಒಂದು ನಿಮಿಷ ಯೋಚಿಸಿ, "ಹಾಗಾದ್ರೆ ಒಂದು ಅಡಿಗೆ ಎರಡು ನೂಲು ಅನ್ನು, ಮುಗೀತು" ಎಂದರು. ಬಡಗಿಗಳ ಲೆಕ್ಕದಲ್ಲಿ ಇಂಚಿಗೆ ಎಂಟು ನೂಲು. ಎರಡು ನೂಲೆಂದರೆ ಕಾಲು ಇಂಚು. ಕಾಲು ಇಂಚು ಒಂದು ಅಡಿಯ 48ನೇ ಒಂದು ಪಾಲು. ಇಂಗ್ಲಿಷರು ಈ ಪ್ರಮಾಣವನ್ನು ಆರಿಸಿಕೊಂಡದ್ದೂ ಇದೇ ಅನುಕೂಲಕ್ಕೆ. ಹರಿಕೇನ್‌ನ ರೆಕ್ಕೆ ತುದಿಯಿಂದ ತುದಿಗೆ 40 ಅಡಿ, ಮಾದರಿಯಲ್ಲಿ ಸರಿಯಾಗಿ ಹತ್ತು ಇಂಚು. ಉದ್ದ 32 ಅಡಿ 3 ಇಂಚು, ಮಾದರಿಯಲ್ಲಿ ಎಂಟು ಇಂಚು ಅರ್ಧ ನೂಲು. ಕಾಗದ ಪೆನ್ಸಿಲ್ ಬೇಕಾಗಲಿಲ್ಲ.

ಆ ಮೇಲೆ ನಾನು ಎಲ್ಲವನ್ನೂ ಮಿಲಿಮೀಟರಿಗೆ ಇಳಿಸಿಕೊಂಡೆ, ಏಕೆಂದರೆ ಸಣ್ಣ ಭಾಗಗಳಿಗೆ ನೂಲು ಸಾಕಾಗುವುದಿಲ್ಲ. ಪ್ರಥಮ ಪಿಯುಸಿಯಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಗೋಲಿಯ ವ್ಯಾಸ ಅಳೆಯುವಾಗ ಇದೆಲ್ಲ ಯಾವ ಕೆಲಸಕ್ಕೆ ಎಂದು ಗೊಣಗಿದವರಲ್ಲಿ ನಾನೂ ಒಬ್ಬ. ಇಲ್ಲಿ ಅದೇ ದೊಡ್ಡ ಆಸರೆ. ಮಾದರಿಯಲ್ಲಿ 0.1 ಮಿಲಿಮೀಟರ್ ಎಂದರೆ ನಿಜವಾದ ವಿಮಾನದಲ್ಲಿ 4.8 ಮಿಲಿಮೀಟರ್. ಒಂದು ಮಿಲಿಮೀಟರ್ ಹೆಚ್ಚು ಉಜ್ಜಿದರೆ ನಿಜದಲ್ಲಿ ಸುಮಾರು ಐದು ಸೆಂಟಿಮೀಟರ್ ಹೋದಂತೆ. ಗೂನು ಬೆನ್ನಿನಲ್ಲಿ ಎರಡು ಮಿಲಿಮೀಟರ್ ಕಡಿಮೆಯಾದರೆ ಅದು ಹರಿಕೇನ್ ಆಗಿ ಉಳಿಯುವುದೇ ಇಲ್ಲ.

ತೂಕದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಉದ್ದ 48 ಪಟ್ಟು ಕಡಿಮೆಯಾದರೆ ಮೇಲ್ಮೈ 48ರ ವರ್ಗ, ಅಂದರೆ 2,304 ಪಟ್ಟು ಕಡಿಮೆಯಾಗುತ್ತದೆ. ಗಾತ್ರ 48ರ ಘನ, 1,10,592 ಪಟ್ಟು. ಖಾಲಿ ಹರಿಕೇನ್‌ನ ತೂಕ ಸುಮಾರು 2,600 ಕಿಲೋ. ಅದನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬರುವುದು 24 ಗ್ರಾಂಗಿಂತ ಸ್ವಲ್ಪ ಕಡಿಮೆ. ನನ್ನ ಮರದ ಮಾದರಿ ಐವತ್ತು ಗ್ರಾಂ ದಾಟಿತು. ಕಬ್ಬಿಣ, ಅಲ್ಯೂಮಿನಿಯಂ, ದೊಡ್ಡ ಎಂಜಿನ್ ಇರುವ ವಿಮಾನಕ್ಕಿಂತ ಮರದ ತುಂಡು ಪ್ರಮಾಣದಲ್ಲಿ ಎರಡು ಪಟ್ಟು ಭಾರ! ಕಾರಣ, ನಿಜವಾದ ವಿಮಾನದ ಒಳಗೆ ಹೆಚ್ಚಾಗಿ ಇರುವುದು ಗಾಳಿ. ಹರಿಕೇನ್‌ನಲ್ಲಂತೂ ಪೈಲಟ್ ಕೂರುವ ಜಾಗದ ಹಿಂದಿನ ಒಡಲು ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಸುತ್ತ ಮರದ ಪಟ್ಟಿಗಳು, ಮೇಲೆ ಬಿಗಿದು ರೋಗನ್ನು ಬಳಿದ ಬಟ್ಟೆ, ಅಷ್ಟೇ. 1935ರ ನವೆಂಬರಿನಲ್ಲಿ ಮೊದಲ ಬಾರಿ ಹಾರಿದ ಈ ವಿಮಾನದ ವಿನ್ಯಾಸಕಾರ ಸಿಡ್ನಿ ಕ್ಯಾಮ್. ಗುಂಡು ಬಟ್ಟೆಯನ್ನು ತೂರಿ ಆಚೆ ಹೋದರೆ, ಬಟ್ಟೆಗೆ ತೇಪೆ ಹಾಕಿ ಮರುದಿನ ಮತ್ತೆ ಹಾರಿಸಬಹುದಿತ್ತು.

ಮರ ಯಾವುದು ಎಂದು ಹಲವರು ಕೇಳಿದರು. ಸಾಗವಾನಿ ನಮ್ಮ ಜಿಲ್ಲೆಯ ಹೆಮ್ಮೆ ನಿಜ, ಆದರೆ ಈ ಕೆಲಸಕ್ಕೆ ನನಗೆ ಹಿಡಿಸಲಿಲ್ಲ. ತೆಳುವಾಗಿ ಇಳಿಸುತ್ತಾ ಹೋದಂತೆ ಎಳೆಯ ಉದ್ದಕ್ಕೂ ಸೀಳುವ ಭಯ, ಎಣ್ಣೆಯ ಅಂಶದಿಂದ ಅಂಟೂ ಬಣ್ಣವೂ ಸರಿಯಾಗಿ ಕೂರುವುದಿಲ್ಲ. ನಾನು ಬಳಸಿದ್ದು ಶಿವನೆ ಮರ. ನಮ್ಮ ಜಿಲ್ಲೆಯ ಗುಡಿಗಾರರು ಗಂಧದ ಜೊತೆಗೆ ಕೆತ್ತನೆಗೆ ಬಳಸುತ್ತಾ ಬಂದಿರುವ ಮರ ಅದು. ಹಗುರ, ತಿಳಿ ಬಣ್ಣ, ಉಳಿ ಎತ್ತ ಹೋದರೂ ಮಾತು ಕೇಳುತ್ತದೆ, ಒಣಗಿದ ಮೇಲೆ ಹೆಚ್ಚು ಸೊಟ್ಟಗಾಗುವುದಿಲ್ಲ. ಚನ್ನಪಟ್ಟಣದ ಬೊಂಬೆಗಳ ಹಾಲೆ ಮರವೂ ಚೆನ್ನಾಗಿ ಹೊಂದುತ್ತದೆ. ಮಾಮು ಶಿವನೆಯ ತುಂಡುಗಳನ್ನು ಒಂದು ಮಳೆಗಾಲವಿಡೀ ಅಟ್ಟದಲ್ಲಿ ಇಟ್ಟು ಆಮೇಲೆಯೇ ಕೈಗೆ ಕೊಟ್ಟರು.

ಮಳೆಗಾಲದ ಮಾತು ಸುಮ್ಮನೆ ಎತ್ತಿದ್ದಲ್ಲ. ಕಾರವಾರ, ಅಂಕೋಲಾದ ಜೂನ್ ತಿಂಗಳಲ್ಲಿ ಮನೆಯ ಬಾಗಿಲೇ ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಮರ ಎಳೆಯ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಆದ್ದರಿಂದ ರೆಕ್ಕೆಗೆ ಎಳೆ ತುದಿಯಿಂದ ತುದಿಗೆ ಇರುವಂತೆ, ಒಡಲಿಗೆ ಮೂಗಿನಿಂದ ಬಾಲಕ್ಕೆ ಇರುವಂತೆ ತುಂಡು ಆರಿಸಬೇಕು. ಎರಡೂ ಸೇರುವಲ್ಲಿ ಎಳೆಗಳು ಅಡ್ಡಡ್ಡ ಬರುತ್ತವೆ. ಅಲ್ಲೇ ಅಂಟಿಗೆ ಪರೀಕ್ಷೆ.

ಈ ಪರೀಕ್ಷೆಯಲ್ಲಿ ನಿಜವಾದ ಯುದ್ಧವಿಮಾನವೇ ಸೋತ ಪ್ರಸಂಗ ನಮ್ಮ ದೇಶದಲ್ಲಿ ನಡೆದಿದೆ. ಡಿ ಹ್ಯಾವಿಲೆಂಡ್ ಕಂಪನಿಯ ಮಾಸ್ಕಿಟೊ ಎಂಬ ವಿಮಾನ ಹೆಚ್ಚುಕಡಿಮೆ ಪೂರ್ತಿ ಮರದ್ದು. 1940ರ ನವೆಂಬರಿನಲ್ಲಿ ಮೊದಲ ಹಾರಾಟ. ಯುದ್ಧದಿಂದ ಲೋಹಕ್ಕೆ ಬರ ಬಂದಿತ್ತು, ಆದರೆ ಪೀಠೋಪಕರಣ ಮಾಡುವ ಕುಶಲ ಬಡಗಿಗಳಿಗೆ ಬರವಿರಲಿಲ್ಲ. ತೆಳು ಪ್ಲೈವುಡ್‌ಗಳ ನಡುವೆ ಬಾಲ್ಸಾ ಮರವನ್ನು ಇಟ್ಟು ಅಚ್ಚಿನಲ್ಲಿ ಒತ್ತಿ, ಒಡಲನ್ನು ಎಡ ಬಲ ಎರಡು ಹೋಳಾಗಿ ಮಾಡಿ ಕೊನೆಗೆ ಕೂಡಿಸುತ್ತಿದ್ದರು. ಆ ಕಾಲದ ಅತಿ ವೇಗದ ವಿಮಾನಗಳಲ್ಲಿ ಅದೂ ಒಂದು. ಇದು ಭಾರತಕ್ಕೆ ಬಂದು ಬಿಸಿಲು ಮಳೆಗೆ ನಿಂತಾಗ ರೆಕ್ಕೆಯ ಅಂಟುಗಳು ಬಿಡತೊಡಗಿದವು. ಅಪಘಾತಗಳಾಗಿ ಜನ ಸತ್ತರು. 1944ರ ನವೆಂಬರಿನಲ್ಲಿ ವಿಮಾನಗಳನ್ನು ನೆಲಕ್ಕಿಳಿಸಿ ತಪಾಸಣೆ ಮಾಡಿದರು. ಕಾರ್ಖಾನೆಯಲ್ಲಿ ಜೋಡಣೆ ಸರಿಯಾಗಿ ಕೂರದ್ದು ಒಂದು ಕಾರಣ, ಇಲ್ಲಿನ ಹವೆ ಇನ್ನೊಂದು. ಮೊದಲು ಬಳಸುತ್ತಿದ್ದದ್ದು ಕೇಸಿನ್ ಅಂಟು, ಅಂದರೆ ಹಾಲಿನ ಪ್ರೋಟೀನಿನಿಂದ ಮಾಡಿದ್ದು. ತೇವದಲ್ಲಿ ಅದು ಹಾಳಾಗುತ್ತದೆ. ಬದಲಿಗೆ ಫಾರ್ಮಾಲ್ಡಿಹೈಡ್ ರೆಸಿನ್ ಅಂಟು ಬಂತು. ರಸಾಯನಶಾಸ್ತ್ರದ ಪಾಲಿಮರ್‌ಗಳ ಕುಟುಂಬದ್ದೇ. ನನ್ನ ಮಾದರಿ ಯಾರನ್ನೂ ಹೊತ್ತು ಹಾರಬೇಕಾಗಿಲ್ಲವಾದ್ದರಿಂದ ಫೆವಿಕಾಲ್ ಸಾಕಾಯಿತು. ಆದರೂ ಕೂಡುವ ಎರಡು ಮುಖಗಳನ್ನು ಬೆಳಕಿಗೆ ಹಿಡಿದು, ನಡುವೆ ಬೆಳಕು ತೂರದಿರುವವರೆಗೂ ಉಜ್ಜಿದೆ. ಸಂದಿಯನ್ನು ಅಂಟಿನಿಂದ ತುಂಬಿಸುವುದನ್ನು ಮಾಮು ಒಪ್ಪುವುದಿಲ್ಲ.

ಕೆತ್ತುವ ಕ್ರಮ ಹೀಗೆ. ಒಡಲಿನ ತುಂಡಿನ ಒಂದು ಮುಖದ ಮೇಲೆ ಪಕ್ಕದಿಂದ ಕಾಣುವ ಆಕಾರವನ್ನೂ, ಇನ್ನೊಂದು ಮುಖದ ಮೇಲೆ ಮೇಲಿನಿಂದ ಕಾಣುವ ಆಕಾರವನ್ನೂ ಬರೆದುಕೊಳ್ಳುವುದು. ಗರಗಸದಲ್ಲಿ ಮೊದಲು ಒಂದು, ಆಮೇಲೆ ಇನ್ನೊಂದು ಕತ್ತರಿಸಿದರೆ ಚೌಕ ಚೌಕವಾದ, ಆದರೆ ಎರಡೂ ಕಡೆಯಿಂದ ಹರಿಕೇನ್ ಎನಿಸುವ ತುಂಡು ಸಿಗುತ್ತದೆ. ಈಗ ಮೂಲೆಗಳನ್ನು ದುಂಡಗೆ ಮಾಡಬೇಕು. ಎಷ್ಟು ದುಂಡಗೆ? ಅದಕ್ಕೆ ರಟ್ಟಿನ ಅಚ್ಚುಗಳು. ಎಂಜಿನ್ ಹತ್ತಿರ, ಪೈಲಟ್ ಕೂರುವಲ್ಲಿ, ಬಾಲದ ಹತ್ತಿರ, ಹೀಗೆ ಏಳು ಕಡೆ ಒಡಲನ್ನು ಅಡ್ಡಕ್ಕೆ ಕೊಯ್ದರೆ ಯಾವ ಆಕಾರ ಕಾಣುತ್ತದೋ ಅದನ್ನು ರಟ್ಟಿನಲ್ಲಿ ಕತ್ತರಿಸಿ ಇಟ್ಟುಕೊಳ್ಳುವುದು. ಸ್ವಲ್ಪ ಕೆತ್ತುವುದು, ಅಚ್ಚು ಹಿಡಿದು ನೋಡುವುದು, ತಾಗಿದ ಕಡೆ ಪೆನ್ಸಿಲ್ ಗುರುತು ಹಾಕುವುದು, ಮತ್ತೆ ಕೆತ್ತುವುದು. ಉಳಿ ಆದ ಮೇಲೆ ಅರ, ಅರ ಆದ ಮೇಲೆ ಸ್ಯಾಂಡ್‌ಪೇಪರ್. ಇದರಲ್ಲೇ ಮೂರು ವಾರ ಹೋಯಿತು. ಕಾಲೇಜಿನಿಂದ ಬಸ್ಸಿನಲ್ಲಿ ಅಂಕೋಲಾಕ್ಕೆ ಬಂದು ಮಗ್ರಿಬ್‌ವರೆಗೆ ಸಿಗುವ ಒಂದು ಗಂಟೆಯಷ್ಟೇ ನನ್ನ ಸಮಯ.

ರೆಕ್ಕೆ ಮಾಡುವಾಗ ಒಂದು ಎಚ್ಚರ. ಮೇಲ್ಭಾಗ ಉಬ್ಬು, ಕೆಳಭಾಗ ಅಷ್ಟಿಲ್ಲ. ದಪ್ಪ ಜಾಗ ಮುಂದಿನ ಅಂಚಿನ ಹತ್ತಿರ. ನಡುವಿನ ಭಾಗ ಮಟ್ಟಸ, ಎರಡೂ ಹೊರ ತುದಿಗಳು ಸ್ವಲ್ಪ ಮೇಲಕ್ಕೆ ಏರುತ್ತವೆ. ಈ ಏರಿಕೆ ಎರಡೂ ಕಡೆ ಸಮ ಇರದಿದ್ದರೆ ಎದುರಿನಿಂದ ನೋಡಿದ ತಕ್ಷಣ ಕಣ್ಣಿಗೆ ಕುಟುಕುತ್ತದೆ. ಹೊಟ್ಟೆಯ ಕೆಳಗೆ ನಡುವಿನಲ್ಲಿ ರೇಡಿಯೇಟರ್ ಡಬ್ಬಿ ಬರುತ್ತದೆ, ಸ್ಪಿಟ್‌ಫೈರ್‌ನಲ್ಲಾದರೆ ಅದು ರೆಕ್ಕೆಯ ಅಡಿಯಲ್ಲಿ. ಗಾಲಿಗಳು ಒಳಮುಖವಾಗಿ ಮಡಚುತ್ತವೆ, ಸ್ಪಿಟ್‌ಫೈರ್‌ನದು ಹೊರಮುಖವಾಗಿ. ರೆಕ್ಕೆಯಿಂದ ನಾಲ್ಕು ತೋಪಿನ ನಳಿಗೆಗಳು ಮುಂದಕ್ಕೆ ಚಾಚಿರುತ್ತವೆ. ಮನೆಯಲ್ಲಿ ದಾದಿ, "ಅವನ್ನಾದರೂ ಬಿಟ್ಟು ಮಾಡು ಬೇಟಾ" ಎಂದರು. ಬಿಟ್ಟಿದ್ದರೆ ನೋಡಲು ಚಂದವಿರುತ್ತಿತ್ತೇನೋ. ಆದರೆ ಈ ಯಂತ್ರ ಮಾಡಿದ್ದೇ ಆ ನಳಿಗೆಗಳನ್ನು ಹೊತ್ತೊಯ್ಯಲು. ಅವಿಲ್ಲದ ಹರಿಕೇನ್ ಸುಳ್ಳು ಹೇಳುತ್ತದೆ. ಸೂಜಿಯಷ್ಟು ಸಣ್ಣ ಹಿತ್ತಾಳೆ ಕೊಳವೆಯಲ್ಲಿ ನಾಲ್ಕನ್ನೂ ಕೂರಿಸಿದೆ.

ಬಣ್ಣದ ಬಗ್ಗೆ ಒಂದು ಮಾತು, ಏಕೆಂದರೆ ಪ್ರದರ್ಶನದಲ್ಲಿ ಒಬ್ಬರು ಬಣ್ಣ ತಪ್ಪಾಗಿದೆ ಎಂದರು. ಬ್ರಿಟಿಷ್ ವಿಮಾನಗಳ ಮೇಲಿನ ದುಂಡನೆಯ ಗುರುತಿನ ನಡುವೆ ಕೆಂಪು ಚುಕ್ಕೆ ಇರಬೇಕಲ್ಲ, ನಿಮ್ಮದರಲ್ಲಿ ಬರೀ ಕಡು ನೀಲಿ, ನಡುವೆ ತಿಳಿ ನೀಲಿ ಇದೆಯಲ್ಲ ಎಂದು. ಬರ್ಮಾ ರಂಗದಲ್ಲಿ ಎದುರಾಳಿ ಜಪಾನ್. ಜಪಾನಿ ವಿಮಾನಗಳ ಗುರುತು ಕೆಂಪು ಸೂರ್ಯ. ದೂರದಿಂದ ಯಾವುದೇ ಕೆಂಪು ಕಂಡರೂ ಗುಂಡು ಹಾರುವ ಅಪಾಯವಿತ್ತು. ಹಾಗಾಗಿ 1943ರಲ್ಲಿ ಈ ಭಾಗದ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳಿಂದ ಕೆಂಪನ್ನು ಪೂರ್ತಿ ತೆಗೆದುಹಾಕಿದರು. ಬಾರ್ಕಿಂಗ್ ಕ್ರೀಕ್‌ನಲ್ಲಿ ಆದದ್ದು ಇಲ್ಲಿ ಆಗದಿರಲೆಂದು.

ಕೊನೆಯದಾಗಿ ನಮ್ಮ ರಾಜ್ಯದ್ದೇ ಒಂದು ಮರದ ವಿಮಾನ. ಮಾದರಿಗಳೆಲ್ಲ ಚಿಕ್ಕವಾಗಿಯೇ ಇರಬೇಕೆಂದಿಲ್ಲ ಎಂಬುದಕ್ಕೆ ಸಾಕ್ಷಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಇಂದಿನ ಎಚ್‌ಎಎಲ್, 1950ರ ದಶಕದಲ್ಲಿ ಭಾರತದಲ್ಲೇ ವಿನ್ಯಾಸಗೊಂಡ ಮೊದಲ ಜೆಟ್ ಫೈಟರ್ ಎಚ್‌ಎಫ್-24 ಮಾರುತ್‌ನ ವಿನ್ಯಾಸಕ್ಕೆ ಇಳಿಯಿತು. ನೇತೃತ್ವಕ್ಕೆ 1956ರಲ್ಲಿ ಬಂದವರು ಜರ್ಮನಿಯ ಕುರ್ಟ್ ಟ್ಯಾಂಕ್. ಯುದ್ಧಕಾಲದಲ್ಲಿ ಬ್ರಿಟಿಷ್ ಪೈಲಟ್‌ಗಳ ನಿದ್ದೆಗೆಡಿಸಿದ ಫೊಕೆ ವುಲ್ಫ್ 190 ವಿನ್ಯಾಸ ಮಾಡಿದವರು. ಮಾರುತ್‌ನ ಲೋಹದ ವಿಮಾನ ಕಟ್ಟುವ ಮೊದಲು ಅವರ ತಂಡ ಬೆಂಗಳೂರಿನಲ್ಲಿ ಪೂರ್ಣ ಅಳತೆಯ, ಎಂಜಿನ್ ಇಲ್ಲದ ಒಂದು ಮರದ ಮಾರುತ್ ಕಟ್ಟಿತು. ಅದಕ್ಕೆ ಎಕ್ಸ್-241 ಎಂದು ಹೆಸರು. 1959ರಲ್ಲಿ ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಅದನ್ನು ಮೇಲಕ್ಕೆ ಎಳೆದೊಯ್ದು ಬಿಟ್ಟರು. ಕಪಿಲ್ ಭಾರ್ಗವ ಎಂಬ ಪೈಲಟ್ ಅದನ್ನು ತೇಲಿಸಿಕೊಂಡು ಇಳಿಸಿದರು. ಹೀಗೆ ಎಪ್ಪತ್ತಕ್ಕೂ ಹೆಚ್ಚು ಸಲ.

ಚಿಕ್ಕ ಮಾದರಿ ಸಾಲದೆ? ಸಾಲದು. ಉದ್ದ ಅಗಲಗಳನ್ನು ನಾವು ಇಳಿಸಬಹುದು, ಗಾಳಿಯನ್ನು ಇಳಿಸಲಾಗುವುದಿಲ್ಲ. ಅದರ ಸಾಂದ್ರತೆ, ಸ್ನಿಗ್ಧತೆ ಎರಡೂ ಹಾಗೆಯೇ ಇರುತ್ತವೆ. ಭೌತಶಾಸ್ತ್ರದಲ್ಲಿ ರೆನಾಲ್ಡ್ಸ್ ಸಂಖ್ಯೆ ಎಂಬುದೊಂದಿದೆ, ಅದು ವಸ್ತುವಿನ ಉದ್ದಕ್ಕೆ ತಕ್ಕಂತೆ ಬದಲಾಗುತ್ತದೆ. ಸಣ್ಣ ರೆಕ್ಕೆಯ ಮೇಲೆ ಗಾಳಿ ಹರಿಯುವ ರೀತಿ ದೊಡ್ಡ ರೆಕ್ಕೆಯ ಮೇಲೆ ಹರಿಯುವ ರೀತಿಯಲ್ಲ. ವಿಶೇಷವಾಗಿ ನಿಧಾನವಾಗಿ ಇಳಿಯುವಾಗ ವಿಮಾನ ಪೈಲಟ್‌ನ ಮಾತು ಕೇಳುತ್ತದೋ ಇಲ್ಲವೋ ಎಂಬುದನ್ನು ಪೂರ್ಣ ಅಳತೆಯಲ್ಲಿ ನೋಡಿಕೊಳ್ಳುವುದು ಕ್ಷೇಮ. ಮರದಲ್ಲಿ ಅದು ಬೇಗ ಆಗುತ್ತದೆ, ಅಗ್ಗವಾಗಿಯೂ ಆಗುತ್ತದೆ. ಲೋಹದ ಮಾರುತ್ ಮೊದಲ ಬಾರಿ ಹಾರಿದ್ದು 1961ರ ಜೂನ್ 17ರಂದು. ಹಾರಿಸಿದವರು ಸುರಂಜನ್ ದಾಸ್. 1970ರಲ್ಲಿ ಅದೇ ವಿಮಾನದ ಇನ್ನೊಂದು ರೂಪವನ್ನು ಪರೀಕ್ಷಿಸುವಾಗ ಅವರು ಅಪಘಾತದಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಿದೆ. ಬೆಂಗಳೂರಿಗೆ ಹೋದವರು ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ನಿಂತಿರುವ ಮಾರುತ್ ನೋಡಿ ಬನ್ನಿ.

ಅಷ್ಟು ದೂರ ಬೇಡವೆನ್ನುವವರಿಗೆ ಕಾರವಾರದ ಟಾಗೋರ್ ಬೀಚಿನಲ್ಲಿ ಐಎನ್‌ಎಸ್ ಚಪಲ್ ಹಡಗಿನ ಬಳಿಯೇ ನೌಕಾಪಡೆಯ ಟುಪೋಲೆವ್-142 ಇದೆ. ಅದು ಫೈಟರ್ ಅಲ್ಲ, ಸಮುದ್ರ ಕಾವಲಿನ ಭಾರೀ ವಿಮಾನ. ಎರಡು ನೂಲಿನ ಲೆಕ್ಕದಲ್ಲಿ ಮಾಡಿದರೂ ಒಂದು ಮೀಟರಿಗಿಂತ ಅಗಲವಾಗುತ್ತದೆ, ನಮ್ಮ ಮನೆಯ ಕಪಾಟಿನಲ್ಲಿ ಹಿಡಿಯುವುದಿಲ್ಲ. ನಾನು ಮುಂದೆ ಮಾಡಬೇಕೆಂದಿರುವುದು ಸೀ ಹಾಕ್. 1971ರ ಯುದ್ಧದಲ್ಲಿ ಐಎನ್‌ಎಸ್ ವಿಕ್ರಾಂತ್‌ನಿಂದ ಹಾರಿದ ಜೆಟ್, ಹರಿಕೇನ್ ಕೊಟ್ಟ ಸಿಡ್ನಿ ಕ್ಯಾಮ್ ಅವರ ಬಳಗದ್ದೇ ಕೆಲಸ. ನಿಜವಾದದ್ದು ಗೋವಾದ ವಾಸ್ಕೋ ಹತ್ತಿರದ ನೌಕಾ ವಿಮಾನ ಮ್ಯೂಸಿಯಂನಲ್ಲಿದೆ. ಬೆಳಿಗ್ಗೆ ಹೊರಟರೆ ಸಂಜೆಗೆ ಕಾರವಾರಕ್ಕೆ ಮರಳಬಹುದು. ಜೊತೆಗೆ ಬರುವವರು ಟೇಪು ಮತ್ತು ನೋಟ್‌ಬುಕ್ ತರಲಿ. ಹರಿಕೇನ್‌ನ ಏಳು ರಟ್ಟಿನ ಅಚ್ಚುಗಳನ್ನೂ ಅಳತೆಯ ಹಾಳೆಯನ್ನೂ ಗ್ರಂಥಾಲಯದಲ್ಲಿ ಕೊಟ್ಟಿದ್ದೇನೆ. ಬೇಕಾದವರು ನಕಲು ತೆಗೆದುಕೊಳ್ಳಬಹುದು. ಶಿವನೆಯ ತುಂಡು ಬೇಕೆನ್ನುವವರು ಮಳೆ ಶುರುವಾಗುವ ಮೊದಲೇ ನನಗೆ ತಿಳಿಸಿ, ಮಾಮು ಅಟ್ಟಕ್ಕೆ ಹಾಕಿಡುತ್ತಾರೆ.